ಕಾರಿನ ಹಾಡಿಗೆ ಆಂಪ್ಲಿಫಯರು ಬೇಕೆ?

ಹೊರನಾಡಿನಲ್ಲಿ ನೆಲಸಿದ ನಮಗೆ ಕನ್ನಡ ಕಿವಿಗೆ ಬೀಳುವ ಎಡೆಗಳು ಕೆಲವೇ. ಮನೆ ಒಂದು, ಸಂಘದ ಸಭೆ ಇನ್ನೊಂದು. ಈಗ ಕಾರೂ ಮೂರನೆಯದಾಗಿ ಸೇರಿದೆ. ನಾಗಪುರದ ವಾಡಿಯಿಂದ ಹೈದರಾಬಾದಿನ ಮೇಲೆ ಬೆಂಗಳೂರಿಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ಹಾದಿ. ಅಷ್ಟು ದೂರವೂ ಕಾಳಿಂಗರಾಯರ, ಮೈಸೂರು ಅನಂತಸ್ವಾಮಿಯವರ, ಅಶ್ವತ್ಥರ ಹಾಡುಗಳೇ ನಮಗೆ ಜೊತೆ. ಹಿಂದಿ, ಮರಾಠಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಎಷ್ಟೋ ಕನ್ನಡ ಮಾತುಗಳನ್ನು ಮೊದಲು ಕೇಳುವುದು ಹಿಂದಿನ ಸೀಟಿನಲ್ಲಿಯೇ. ಆದುದರಿಂದ ಹಾಡು ಜೋರಾಗಿ ಕೇಳಿದರೆ ಸಾಲದು, ಮಾತು ತಿಳಿಯಬೇಕು.

ಕಾರು ಅಮರಾವತಿ ರಸ್ತೆಯ ಲಾರಿಗಳ ಸಾಲಿಗೆ ಸೇರಿದೊಡನೆ ಆ ಮಾತೇ ಮಸುಕಾಗುತ್ತದೆ. ಸದ್ದು ಏರಿಸಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಸಾಹಿತ್ಯ ತಿಳಿಯದು. ಇದಕ್ಕೆ ಕಾರಣವುಂಟು. ಕಾರಿನೊಡನೆ ಬರುವ ಸಾಮಾನ್ಯ ಸ್ಟೀರಿಯೋ 12 ವೋಲ್ಟಿನ ಬ್ಯಾಟರಿಯನ್ನು ನಂಬಿದ್ದು. ಒಂದೊಂದು ಸ್ಪೀಕರಿಗೆ ಧ್ವನಿ ಒಡೆಯದಂತೆ ಅದು ಕೊಡಬಲ್ಲುದು ಸುಮಾರು 15ರಿಂದ 20 ವ್ಯಾಟ್. ಪೆಟ್ಟಿಗೆಯ ಮೇಲಿನ '50 ವ್ಯಾಟ್' ಎಂಬುದು ಕ್ಷಣಮಾತ್ರದ ಲೆಕ್ಕ. ಮಿತಿ ಮೀರಿದರೆ ಧ್ವನಿಯ ಅಲೆಯ ನೆತ್ತಿ ಕತ್ತರಿಸಿಹೋಗಿ, ಸಕಾರ ತಕಾರಗಳೆಲ್ಲ ಕರ್ಕಶದಲ್ಲಿ ಮುಳುಗುತ್ತವೆ.

ಬೇರೆ ಆಂಪ್ಲಿಫಯರು ಬೇಕಾಗುವುದು ಇಲ್ಲಿ. ಆದರೆ ವ್ಯಾಟಿನ ಮೋಹ ಬೇಡ. ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಎನಿಸಲು ಹತ್ತು ಪಟ್ಟು ಶಕ್ತಿ ಬೇಕು. ಸ್ಪೀಕರು ತಾಳುವಂತಿದ್ದರೆ, 'ಆರ್.ಎಂ.ಎಸ್.' ಲೆಕ್ಕದಲ್ಲಿ ಒಂದೊಂದಕ್ಕೆ 40-50 ವ್ಯಾಟ್ ಸಂಸಾರಕ್ಕೆ ಧಾರಾಳವಾಯಿತು. ಮುಂಬಾಗಿಲಿನ ಸ್ಪೀಕರುಗಳು ಹಳತಾಗಿದ್ದರೆ ಮೊದಲು ಅವನ್ನೇ ಬದಲಿಸಿ ನೋಡುವುದು ಜಾಣತನ. ಕೆಲವು ಕಾರುಗಳಲ್ಲಿ ಕಂಪನಿಯೇ ಬೇರೆ ಆಂಪ್ಲಿಫಯರನ್ನು ಇಟ್ಟಿರುತ್ತದೆ, ಅದನ್ನೂ ವಿಚಾರಿಸಬೇಕು.

ಮೂಲ ಸ್ಟೀರಿಯೋವನ್ನು ತೆಗೆಯಬೇಕಾಗಿಲ್ಲ. ಸ್ಪೀಕರಿನ ತಂತಿಯಿಂದಲೇ ಧ್ವನಿಯನ್ನು ಪಡೆಯಬಲ್ಲ ಆಂಪ್ಲಿಫಯರುಗಳು ದೊರೆಯುತ್ತವೆ. ಮೂಲ ತಂತಿಗಳನ್ನು ಕತ್ತರಿಸದೆ, ಸಿಕ್ಕಿಸುವ ಜೋಡಣೆಯನ್ನೇ ಕೇಳಿರಿ; ವಾರಂಟಿಯ ಷರತ್ತುಗಳನ್ನು ಕೆಲಸಕ್ಕೆ ಮೊದಲೇ ಓದಿರಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಫ್ಯೂಸಿನದು. ಬ್ಯಾಟರಿಯಿಂದ ಬರುವ ದಪ್ಪ ತಂತಿ ಇಂಜಿನ್ನಿಗೂ ನಮ್ಮ ಕಾಲಿಗೂ ನಡುವಣ ತಗಡನ್ನು ತೂರಿ ಬರುತ್ತದೆ. ಅಲ್ಲಿ ರಬ್ಬರಿನ ಬಳೆ ಇಲ್ಲದಿದ್ದರೆ ಉಜ್ಜಿ ಉಜ್ಜಿ ಹೊದಿಕೆ ಹರಿದೀತು. ತಂತಿ ತಗಡಿಗೆ ತಗುಲಿತೆಂದರೆ ಬೆಂಕಿಯೇ. ಫ್ಯೂಸು ಬ್ಯಾಟರಿಯ ಬಳಿ, ಸುಮಾರು ಒಂದೂವರೆ ಅಡಿಯೊಳಗೆ ಇರಬೇಕು. ಆಂಪ್ಲಿಫಯರಿನ ಮೈಮೇಲಿನ ಫ್ಯೂಸು ಈ ತಂತಿಯನ್ನು ಕಾಯದು. ತಾಮ್ರ ಲೇಪಿಸಿದ ಅಲ್ಯುಮಿನಿಯಂ ತಂತಿ ಅಗ್ಗವೆಂದು ಕೊಳ್ಳದೆ ಅಪ್ಪಟ ತಾಮ್ರದ್ದನ್ನೇ ಹಾಕಿಸಬೇಕು. ಅರ್ತಿಂಗ್ ತಂತಿಯನ್ನು ಬಣ್ಣ ಕೆರೆದ ಲೋಹಕ್ಕೆ ಬಿಗಿಯಬೇಕು. ವಿದ್ಯುತ್ತಿನ ತಂತಿ ಒಂದು ಪಕ್ಕ, ಧ್ವನಿಯ ತಂತಿ ಇನ್ನೊಂದು ಪಕ್ಕ ಹಾಯಲಿ. ಇಲ್ಲವಾದರೆ ಇಂಜಿನ್ನಿನ ಕೀರಲು ಸದ್ದೂ ಹಾಡಿನೊಡನೆ ಸೇರೀತು. ಆಂಪ್ಲಿಫಯರನ್ನು ಸೀಟಿನಡಿ ಇಡುವುದಾದರೆ ಸುತ್ತ ಗಾಳಿಯಾಡಲಿ. ನಾಗಪುರದ ಮೇ ತಿಂಗಳ 45 ಡಿಗ್ರಿ ಬಿಸಿಲು ಅದಕ್ಕೂ ಬಿಸಿಲೇ.

'ಗೇನ್' ಎಂಬ ತಿರುಪು ಸದ್ದು ಏರಿಸುವುದಕ್ಕಲ್ಲ, ಸ್ಟೀರಿಯೋವಿಗೆ ಆಂಪ್ಲಿಫಯರನ್ನು ಹೊಂದಿಸುವುದಕ್ಕೆ. ಅದನ್ನು ಪೂರ್ತಿ ತಿರುಗಿಸಿಟ್ಟರೆ ಹೊಸ ಆಂಪ್ಲಿಫಯರೂ ಹಳೆಯದರಂತೆಯೇ ಒಡೆದು ಹಾಡುತ್ತದೆ.

ಕಿವಿಗಳ ಕ್ಷೇಮವನ್ನೂ ಮರೆಯಬಾರದು. 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿಯೆಂದು ಬಲ್ಲವರು ಹೇಳುತ್ತಾರೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ಲಿಗೂ ಕಾಲ ಅರ್ಧಕ್ಕಿಳಿಯುತ್ತದೆ. ಮಕ್ಕಳ ಕಿವಿಗೆ ಇನ್ನೂ ಕಡಿಮೆಯೇ ಲೇಸು. ಹಿಂದಿನ ಲಾರಿಯ ಹಾರನ್ನು, ಆಂಬುಲೆನ್ಸಿನ ಕೂಗು ನಮಗೆ ಕೇಳುವಂತೆಯೂ ಇರಬೇಕಷ್ಟೆ.

ಕೆಲಸ ಮುಗಿದ ಮೇಲೆ ಪರೀಕ್ಷೆ ಒಂದೇ. ಹೆದ್ದಾರಿಯಲ್ಲಿ, ಮಾತಾಡುವವರು ದನಿ ಏರಿಸಬೇಕಾಗದಷ್ಟು ಸದ್ದಿನಲ್ಲಿ ಒಂದು ಭಾವಗೀತೆ ಹಾಕಿರಿ. ಹಿಂದೆ ಕುಳಿತ ಮಗು "ಅಪ್ಪಾ, ಈ ಪದ ಹಾಗೆಂದರೇನು?" ಎಂದು ಕೇಳಿತೆನ್ನಿ, ನಿಮ್ಮ ಹಣ ಸಾರ್ಥಕವಾಯಿತು.