ಶ್ರೀಶೈಲದ ದಾರಿಯಲ್ಲಿ ಉಣಿಸುವ ಕೈಗಳು

ಯುಗಾದಿ ಹತ್ತಿರ ಬರುತ್ತಿದ್ದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಊರುಗಳಿಂದ ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆ ಹೊರಡುತ್ತದೆ. ನಮ್ಮ ಕಡೆಯಿಂದ 300 ಕಿ.ಮೀ.ಗೂ ಮಿಕ್ಕ ದಾರಿ. ಹೆಗಲಿಗೆ ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡವರು, ಬರಿಗಾಲಿನವರು. ಈ ದಾರಿ ತುಳಿಯದವರು ಇದರ ಬಗ್ಗೆ ಆಡುವ ಕೆಲವು ಮಾತು ಕೇಳಿದಾಗ ನನಗೆ ಸುಮ್ಮನಿರಲಾಗುವುದಿಲ್ಲ.

ತಪ್ಪು ಕಲ್ಪನೆ: ಊಟ, ನೀರೆಲ್ಲ ದೊಡ್ಡ ಮಠಗಳು, ಹಣವಂತರು ನಡೆಸುವ ವ್ಯವಸ್ಥೆ.

ವಾಸ್ತವ: ಅವರ ಪೆಂಡಾಲುಗಳೂ ಇವೆ. ಆದರೆ ದಾರಿಯನ್ನು ನಿಜವಾಗಿ ಹೊತ್ತಿರುವುದು ಓಣಿಯ ಹುಡುಗರು, ಸಣ್ಣ ರೈತರು, ಮನೆಮನೆಯ ಹೆಂಗಸರು. ಹಿಂಗಾರಿ ಜೋಳದ ಸುಗ್ಗಿ ಅಷ್ಟೊತ್ತಿಗೆ ಮುಗಿದಿರುತ್ತದೆ, ಮನೆಯಲ್ಲಿ ಕಾಳಿರುತ್ತದೆ. ದಿನಗಟ್ಟಲೆ ಕೆಡದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮೊದಲೇ ಸಿದ್ಧವಾಗುತ್ತವೆ. ಒಬ್ಬ ಟ್ರ್ಯಾಕ್ಟರಿನಲ್ಲಿ ಕಲ್ಲಂಗಡಿ ಹೇರಿಕೊಂಡು ಬಂದರೆ, ಇನ್ನೊಬ್ಬ ಮಜ್ಜಿಗೆಯ ಕೊಡ ಇಟ್ಟುಕೊಂಡು ಬೇವಿನ ಮರದ ಕೆಳಗೆ ಕಾಯುತ್ತಾನೆ. ಗುರುತಿಲ್ಲದವರ ಕಾಲನ್ನು ಬಿಸಿನೀರಲ್ಲಿ ತೊಳೆದು, ಎಣ್ಣೆ ತಿಕ್ಕುವವರನ್ನು ನಾನು ನೋಡಿದ್ದು ಈ ದಾರಿಯಲ್ಲೇ.

ತಪ್ಪು ಕಲ್ಪನೆ: ಬಿಟ್ಟಿ ಉಣ್ಣುವುದು ಸರಿಯಲ್ಲ, ಏನಾದರೂ ದುಡ್ಡು ಕೊಡಬೇಕು.

ವಾಸ್ತವ: ಮೊದಲ ಸಲ ನಡೆದಾಗ ನಾನೂ ಹೀಗೇ ಅಂದುಕೊಂಡಿದ್ದೆ. ಲಿಂಗಸುಗೂರು ದಾಟಿದ ಮೇಲೆ ಒಂದು ಹಳ್ಳಿ. ಮಧ್ಯಾಹ್ನದ ಬಿಸಿಲು, ಅಂಗಾಲಿನಲ್ಲಿ ಗುಳ್ಳೆ. ಮುದುಕಿಯೊಬ್ಬಳು ಕೈಹಿಡಿದು ಪಡಸಾಲೆಯಲ್ಲಿ ಕೂರಿಸಿ, ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಉಂಡೆದ್ದು ನೂರು ರೂಪಾಯಿ ಚಾಚಿದೆ. ಅವಳ ಮುಖ ಸಣ್ಣದಾಯಿತು. “ರೊಕ್ಕ ತಗೊಂಡ್ರ ನಮ್ಮನಿ ಖಾನಾವಳಿ ಆಗ್ತದೋ ಯಪ್ಪಾ. ನಂಗ ನಡ್ಯಾಕ ಆಗೂದಿಲ್ಲ. ನೀ ಉಂಡು ನಡದ್ರ ನಾನೂ ನಡಧಂಗ.”

ದಾನ ಬೇರೆ, ದಾಸೋಹ ಬೇರೆ ಎಂದು ಹನ್ನೆರಡನೆಯ ಶತಮಾನದ ಶರಣರು ತೋರಿಸಿಕೊಟ್ಟದ್ದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ದಾನದಲ್ಲಿ ಕೊಡುವವನ ಕೈ ಮೇಲು. ದಾಸೋಹದಲ್ಲಿ ನೀಡುವವನೇ ದಾಸ, ಉಣ್ಣಲು ಬಂದವನೇ ದೊಡ್ಡವನು. ಅದು ನನಗೆ ಅರ್ಥವಾದದ್ದು ಆ ಪಡಸಾಲೆಯಲ್ಲಿ. ನೋಟು ಮಡಚಿ ಜೇಬಿಗಿಟ್ಟು, ಅವಳ ಕಾಲು ಮುಟ್ಟಿ ನಮಸ್ಕರಿಸಿ ಹೊರಟೆ. ಅಂಥ ಮನೆಯಲ್ಲಿ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರೆ ಅವರಿಗೆ ಆಗುವ ಸಂತೋಷವೇ ಬೇರೆ.

ತಪ್ಪು ಕಲ್ಪನೆ: ಗಡಿ ದಾಟಿದರೆ ತೆಲುಗು ನಾಡು, ನಮ್ಮನ್ನು ಯಾರು ಕೇಳುತ್ತಾರೆ?

ವಾಸ್ತವ: ಕರ್ನೂಲು, ಆತ್ಮಕೂರಿನ ಕಡೆಯವರಿಗೆ ಯುಗಾದಿಯೆಂದರೆ ಕನ್ನಡದವರು ನಡೆದು ಬರುವ ಹೊತ್ತು. ಮಲ್ಲಯ್ಯನ ಮಡದಿ ಭ್ರಮರಾಂಬೆಯನ್ನು ನಮ್ಮವರು ಮನೆಮಗಳೆಂದೇ ಕಾಣುತ್ತಾರೆ, ಅವಳಿಗೆ ಸೀರೆ, ಬಳೆ, ಅರಿಶಿನ-ಕುಂಕುಮ ಒಯ್ಯುತ್ತಾರೆ. ಹೀಗಾಗಿ ಅಲ್ಲಿ ನಾವು ಹೊರಗಿನವರಲ್ಲ, ಬೀಗರು. ರಾತ್ರಿ ಮಲಗಲು ಜಗಲಿ ತೋರಿಸಿದವನಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ತೆಲುಗು ಬರುತ್ತಿರಲಿಲ್ಲ. ಅವನು “ನೀಳ್ಳು” ಎಂದು ಚೊಂಬು ಕೊಟ್ಟ. ಅಷ್ಟು ಭಾಷೆ ಸಾಕಾಯಿತು.

ತಪ್ಪು ಕಲ್ಪನೆ: ಎಲ್ಲ ಸಿಗುತ್ತದೆಂದ ಮೇಲೆ ಬರಿಗೈಯಲ್ಲಿ ಹೋದರಾಯಿತು.

ವಾಸ್ತವ: ಇದು ಅಪಾಯದ ಮಾತು. ವೆಂಕಟಾಪುರದ ಆಚೆ ನಾಗಲೂಟಿ, ಭೀಮುನಿ ಕೊಳದ ದಾರಿ ನಲ್ಲಮಲ ಕಾಡಿನೊಳಗೆ ಹೋಗುತ್ತದೆ. ಹುಲಿಗಳಿರುವ ಕಾಡು, ಕಡಿದಾದ ಏರಿಳಿತ, ನೀರು ವಿರಳ. ನಿಮ್ಮ ನೀರು, ಔಷಧಿ ನಿಮ್ಮ ಹತ್ತಿರವೇ ಇರಲಿ, ಗುಂಪು ಬಿಡಬೇಡಿ.

ತಪ್ಪು ಕಲ್ಪನೆ: ಗುರುತಿಲ್ಲದವರ ಋಣ ತೀರಿಸಲು ದಾರಿಯೇ ಇಲ್ಲ.

ವಾಸ್ತವ: ಮರುವರ್ಷ ಆ ಮುದುಕಿಯ ಮನೆಗೆ ಹೋದಾಗ ಬಾಗಿಲಿಗೆ ಬೀಗವಿತ್ತು. ಆಗಿನಿಂದ ನಮ್ಮ ಓಣಿಯವರು ಒಂದು ಟೆಂಪೊ ಮಾಡಿಕೊಂಡು ಮೂರು ದಿನ ಅದೇ ರಸ್ತೆಯ ಬದಿಗೆ ನಿಲ್ಲುತ್ತೇವೆ. ರೊಟ್ಟಿ ಮನೆಯವರದು, ಬಿಸಿನೀರಿನ ಹಂಡೆ, ಎಣ್ಣೆ ನನ್ನ ಪಾಲಿನವು.