ಕಿಂಡಿಯಿಂದ ಒಬ್ಬೊಬ್ಬರೇ ಬರುವ ವಿಲನ್‌ಗಳು: ಹೊಡೆದಾಡುವ ಹೆಣ್ಣಿನ ಅಗ್ಗದ ಸಿನಿಮಾ ಯಾಕೆ ಹಿಡಿಸುತ್ತೆ?

ಮಗಳು ಕರಾಟೆ ಕ್ಲಾಸಿಗೆ ಹೋಗ್ತೀನಿ ಅಂದರೆ ‘ಕೈಕಾಲು ಮುರ್ಕೊಂಡ್ರೆ ನಾಳೆ ಯಾರೇ ಮದ್ವೆ ಆಗ್ತಾರೆ?’ ಅನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದೇ ಮನೆಯ ಟಿವಿಯಲ್ಲಿ ಮಾಲಾಶ್ರೀ ನಾಲ್ಕು ಜನ ರೌಡಿಗಳನ್ನು ಎತ್ತಿ ಬಿಸಾಕುವಾಗ ಯಾರೂ ಚಾನೆಲ್ ಬದಲಿಸಲ್ಲ. ಅಜ್ಜಿ ಕೂಡ ‘ಇನ್ನೊಂದು ಬಿಗಿ ಅವ್ನಿಗೆ’ ಅಂತಾಳೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಊರಿಗೆ ಹೋದರೂ ಇದೇ ಕತೆ. ಬೇಡ ಅನ್ನುವ ಬಾಯಿ, ತಟ್ಟುವ ಕೈ ಎರಡೂ ಒಬ್ಬರದ್ದೇ.

ಇದನ್ನು ಬರೀ ಬೂಟಾಟಿಕೆ ಅಂತ ತಳ್ಳಿಹಾಕಿದರೆ ಅಸಲಿ ವಿಷಯ ಕೈತಪ್ಪುತ್ತೆ. ಹೆಂಗಸರು ಹೊಡೆದಾಡುವ ಕಡಿಮೆ ಬಜೆಟ್ಟಿನ ಸಿನಿಮಾಗಳಿಗೆ ದಶಕಗಳಿಂದ ಜಗತ್ತಿನಾದ್ಯಂತ ಗಿರಾಕಿಗಳಿದ್ದಾರೆ. ವಿಮರ್ಶಕರು ಇವನ್ನು ಲೆಕ್ಕಕ್ಕಿಟ್ಟಿಲ್ಲ, ಸರ್ಕಾರಗಳು ಪ್ರಶಸ್ತಿ ಕೊಟ್ಟಿದ್ದೂ ಅಪರೂಪ. ಆದರೂ ಇವು ಓಡುತ್ತವೆ. ಯಾಕೆ?

ಅಗ್ಗದ ಸಿನಿಮಾದ ಲೆಕ್ಕಾಚಾರ

ಮೊದಲು ದುಡ್ಡಿನ ಮಾತು. ದೊಡ್ಡ ಸ್ಟಾರ್ ಇಲ್ಲದ, ಫಾರಿನ್ ಲೊಕೇಶನ್ ಇಲ್ಲದ ಸಿನಿಮಾಗೆ ಜನರನ್ನು ಎಳೆಯೋಕೆ ಪೋಸ್ಟರಿನಲ್ಲಿ ಕಾಣುವಂಥ ಒಂದು ಬೆರಗು ಬೇಕು. ದೆವ್ವ, ರಕ್ತ, ಮೈಮಾಟ ಇವು ಹಳೆಯ ಸರಕುಗಳು. ಒದೆಯುವ ಹೆಣ್ಣೂ ಅದೇ ಪಟ್ಟಿಗೆ ಸೇರಿದವಳು. ಈ ಬಗೆಯ ಸಿನಿಮಾವನ್ನು ‘ಎಕ್ಸ್‌ಪ್ಲಾಯ್ಟೇಶನ್’ ಅಂತ ಕರೆಯೋದು ಅದಕ್ಕೇ: ಒಂದೇ ಒಂದು ಕುತೂಹಲವನ್ನು ಹಿಂಡಿ ಕಾಸು ಮಾಡಿಕೊಳ್ಳುವ ದಂಧೆ.

ಅಮೆರಿಕದ ರೋಜರ್ ಕೊರ್ಮನ್ ಈ ದಂಧೆಯ ಗುರು. 1974ರಲ್ಲಿ ಅವರ ಕಂಪನಿಯಿಂದ ‘ಟಿಎನ್‌ಟಿ ಜ್ಯಾಕ್ಸನ್’ ಬಂತು. ಅಣ್ಣನ ಸಾವಿನ ಬೆನ್ನುಹತ್ತಿ ಹೋಗುವ ಕರಾಟೆ ಹುಡುಗಿಯ ಕತೆ. ಸುಮಾರು ಅದೇ ಕತೆಯನ್ನು 1981ರಲ್ಲಿ ‘ಫೈರ್‌ಕ್ರ್ಯಾಕರ್’ ಅಂತಲೂ 1993ರಲ್ಲಿ ‘ಏಂಜಲ್‌ಫಿಸ್ಟ್’ ಅಂತಲೂ ಮತ್ತೆ ತೆಗೆದರು. ಮೂರಕ್ಕೂ ಫಿಲಿಪೀನ್ಸಿನ ಸಿರಿಯೊ ಸ್ಯಾಂಟಿಯಾಗೊ ಅವರೇ ನಿರ್ದೇಶಕರು. ಇಂಜಿನಿಯರಿಂಗ್ ಓದಿದವರಿಗೆ ಇದು ಗೊತ್ತಿರುವ ವಿದ್ಯೆಯೇ. ಡ್ರಾಯಿಂಗ್ ಹಳೇದು, ತೇದಿ ಮಾತ್ರ ಹೊಸದು.

ನಮ್ಮಲ್ಲೂ ಈ ಪರಂಪರೆ ಹಳೆಯದು. 1935ರಲ್ಲೇ ವಾಡಿಯಾ ಮೂವಿಟೋನಿನ ‘ಹಂಟರ್‌ವಾಲಿ’ ಬಂದು ಫಿಯರ್‌ಲೆಸ್ ನಾಡಿಯಾ ಚಾಟಿ ಬೀಸಿದ್ದರು. 1970ರಲ್ಲಿ ತೆಲುಗಿನ ‘ರೌಡಿ ರಾಣಿ’ಯಲ್ಲಿ ವಿಜಯಲಲಿತಾ ಸೇಡು ತೀರಿಸಿಕೊಂಡರು. ಅದರ ನಿರ್ದೇಶಕ ಕೆ.ಎಸ್.ಆರ್. ದಾಸ್ ಮುಂದೆ ಕನ್ನಡಕ್ಕೂ ಬಂದು ಆ್ಯಕ್ಷನ್ ಸಿನಿಮಾ ತೆಗೆದವರು. 1991ರ ‘ಎಸ್.ಪಿ. ಭಾರ್ಗವಿ’ಯಿಂದ 2009ರ ‘ಕನ್ನಡದ ಕಿರಣ್ ಬೇಡಿ’ವರೆಗೆ ಮಾಲಾಶ್ರೀ ಈ ಜಾಗವನ್ನು ಕನ್ನಡದಲ್ಲಿ ಒಬ್ಬರೇ ಹೊತ್ತರು. ಅವರ ಎಲ್ಲ ಸಿನಿಮಾಗಳೂ ಅಗ್ಗದವಲ್ಲ, ಕೆಲವಕ್ಕೆ ಧಾರಾಳವಾಗಿಯೇ ಸುರಿದಿದ್ದಾರೆ. ಆದರೆ ಒಂದು ಹಿಟ್ ಆದರೆ ಅದರ ಬೆನ್ನಿಗೆ ನಾಲ್ಕು ಅಗ್ಗದ ನಕಲು ಬರೋದು ಉದ್ಯಮದ ಹಳೇ ರೂಢಿ.

ಭಾಷೆ ಬೇಡದ ಹೊಡೆತ

ಚಿತ್ರದುರ್ಗದ ಕಡೆಗೆ ಇನ್ನೊಂದು ಕಾರಣವೂ ಇದೆ. ಆಂಧ್ರದ ಗಡಿ ಹತ್ತಿರ. ಹಿರಿಯೂರು, ಚಳ್ಳಕೆರೆ ಕಡೆ ತೆಲುಗು ಮನೆಮಾತಿನವರೂ ಇದ್ದಾರೆ, ತೆಲುಗು ಬಾರದಿದ್ದರೂ ತೆಲುಗು ಸಿನಿಮಾ ನೋಡುವವರೂ ಇದ್ದಾರೆ. 1960ರ ದಶಕದಿಂದ ತೀರಾ ಈಚಿನವರೆಗೂ ಬೇರೆ ಭಾಷೆಯ ಸಿನಿಮಾವನ್ನು ಕನ್ನಡಕ್ಕೆ ಡಬ್ ಮಾಡುವ ಹಾಗಿರಲಿಲ್ಲ. ಕಾನೂನಲ್ಲ, ಉದ್ಯಮದ ಕಟ್ಟುಪಾಡು. ಹಾಗಾಗಿ 1990ರಲ್ಲಿ ವಿಜಯಶಾಂತಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ‘ಕರ್ತವ್ಯಂ’ನಂಥ ಚಿತ್ರಗಳನ್ನು ಇಲ್ಲಿಯವರು ತೆಲುಗಿನಲ್ಲೇ ನೋಡಬೇಕಿತ್ತು.

ಕೋರ್ಟಿನ ಸೀನಿನ ಡೈಲಾಗ್ ಅರ್ಧ ತಲೆಗೆ ಹೋಗದಿರಬಹುದು. ಆದರೆ ಕಪಾಳಕ್ಕೆ ಬಿದ್ದ ಏಟಿಗೆ ಸಬ್‌ಟೈಟಲ್ ಯಾಕೆ? ಬ್ರೂಸ್ ಲೀ ನಮ್ಮ ಹಳ್ಳಿಗಳವರೆಗೆ ತಲುಪಿದ್ದು ಹೀಗೇ. ಹೊಡೆದಾಟ ಎಲ್ಲ ಗಡಿ ದಾಟುತ್ತೆ, ಅದಕ್ಕೇ ಅದು ಅಗ್ಗದ ನಿರ್ಮಾಪಕನ ಅಚ್ಚುಮೆಚ್ಚು.

ಕಿಂಡಿಯ ಇಂಜಿನಿಯರಿಂಗ್

ಇಂಥ ಸಿನಿಮಾ ನೋಡಿ ಎಲ್ಲರೂ ನಗುವ ಒಂದು ವಿಷಯ ಇದೆ. ಇಪ್ಪತ್ತು ಜನ ರೌಡಿಗಳು ಸುತ್ತುವರಿದಿರುತ್ತಾರೆ. ಆದರೆ ಕ್ಯೂ ನಿಂತವರ ಹಾಗೆ ಒಬ್ಬೊಬ್ಬರೇ ಬಂದು ಏಟು ತಿಂದು ಹೋಗ್ತಾರೆ. ಎಲ್ಲರೂ ಒಟ್ಟಿಗೆ ಬಿದ್ದರೆ ಹೀರೊಯಿನ್ ಕತೆ ಏನು?

ಈ ಪ್ರಶ್ನೆಗೆ ಒಪ್ಪುವ ಉತ್ತರ ಇರುವ ಒಂದು ಕತೆ ಚಿತ್ರದುರ್ಗದ್ದು. ಹದಿನೆಂಟನೇ ಶತಮಾನದ ಉತ್ತರಾರ್ಧ, ಮದಕರಿ ನಾಯಕನ ಕಾಲ. ಹೈದರಾಲಿಯ ಪಡೆ ಕೋಟೆಗೆ ಮುತ್ತಿಗೆ ಹಾಕಿದೆ. ಕಾವಲುಗಾರ ಮುದ್ದಹನುಮ ಊಟಕ್ಕೆ ಕೂತಿದ್ದಾನೆ, ಹೆಂಡತಿ ಓಬವ್ವ ನೀರು ತರಲು ಹೋಗಿದ್ದಾಳೆ. ಬಂಡೆಗಳ ನಡುವಿನ ಕಿಂಡಿಯಿಂದ ಶತ್ರುಗಳು ನುಸುಳುತ್ತಿರುವುದು ಕಾಣುತ್ತೆ. ಒನಕೆ ಹಿಡಿದು ನಿಲ್ಲುತ್ತಾಳೆ. ಕಿಂಡಿ ಕಿರಿದು, ಒಬ್ಬ ಬಗ್ಗಿ ತೂರಿ ಬರುವಷ್ಟು ಮಾತ್ರ. ಸಾವಿರ ಜನರ ಸೈನ್ಯ ಆ ಜಾಗದಲ್ಲಿ ಒಬ್ಬನ ಸೈನ್ಯ ಆಗಿಬಿಡುತ್ತೆ. ಬಗ್ಗಿದವನ ತಲೆ, ಮೇಲಿಂದ ಬೀಳುವ ಒನಕೆಯ ಭಾರ, ಮುಂದಿನದ್ದು ಭೌತಶಾಸ್ತ್ರ. ಅಷ್ಟೇ ಮುಖ್ಯವಾದದ್ದು ಆಕೆಯ ತೋಳು. ಅದು ಗರಡಿಯಲ್ಲಿ ಸಾಮು ಮಾಡಿ ಬೆಳೆದದ್ದಲ್ಲ, ದಿನಾ ಭತ್ತ, ರಾಗಿ ಕುಟ್ಟಿ ಬಲಿತದ್ದು.

1972ರಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ಸಿನಿಮಾದಲ್ಲಿ ಇದನ್ನು ಹಾಡಾಗಿಸಿದರು. ಓಬವ್ವನಾಗಿ ಜಯಂತಿ, ಅಸಲಿ ಕೋಟೆಯೇ ಸೆಟ್. ‘ನಾಗರಹಾವು’ ಅಗ್ಗದ ಸಿನಿಮಾ ಅಂತ ಯಾರೂ ಅನ್ನಲ್ಲ. ಆದರೆ ಹೊಡೆಯುವ ಹೆಣ್ಣಿನ ಕನ್ನಡದ ಅಚ್ಚು ಎರಕ ಹೊಯ್ದದ್ದು ಆ ಕೆಲವೇ ನಿಮಿಷಗಳಲ್ಲಿ ಅನ್ನೋದು ನನ್ನ ವಾದ. ಸೀರೆ ಎತ್ತಿಕಟ್ಟಿದ ಕಚ್ಚೆ, ಮನೆಯದೇ ಆಯುಧ, ಕಾಳಿಯ ಕಣ್ಣು, ಸಾಲಾಗಿ ಬರುವ ಶತ್ರು. ಮುಂದಿನ ಅಗ್ಗದ ಸಿನಿಮಾಗಳು ಒನಕೆಯ ಜಾಗಕ್ಕೆ ಮಚ್ಚು, ಕುಡುಗೋಲು, ಲಾಠಿ ಇಟ್ಟವು. ಆದರೆ ಕಿಂಡಿಯನ್ನು ಮಾತ್ರ ಮರೆತವು. ಅದಕ್ಕೇ ನಮಗೆ ನಗು ಬರೋದು.

ಅದೇ ಸಿನಿಮಾದಲ್ಲಿ ಇನ್ನೊಬ್ಬ ಹೆಣ್ಣೂ ಇದ್ದಾಳಲ್ಲ, ಅಲಮೇಲು. ಪ್ರೀತಿಸಿದವನನ್ನು ಬಿಟ್ಟು ಮನೆಯವರು ತೋರಿದವನನ್ನು ಕಟ್ಟಿಕೊಂಡು, ಆ ಗಂಡನಿಂದಲೇ ವೇಶ್ಯಾವಾಟಿಕೆಗೆ ಬೀಳುವವಳು. ಆಕೆ ಯಾರ ಮೇಲೂ ಕೈ ಎತ್ತುವುದಿಲ್ಲ. ಚರಿತ್ರೆಯ ಹೆಣ್ಣಿಗೆ ಒನಕೆ, ಇವತ್ತಿನ ಹೆಣ್ಣಿಗೆ ಕಣ್ಣೀರು. ನಾಡಿಗಾಗಿ ಹೊಡೆದರೆ ವೀರವನಿತೆ, ತನಗಾಗಿ ಹೊಡೆದರೆ ಬಜಾರಿ. ಈ ಗೆರೆಯನ್ನು ನಮ್ಮ ಗೌರವಾನ್ವಿತ ಸಿನಿಮಾಗಳು ಅಷ್ಟು ಸುಲಭಕ್ಕೆ ದಾಟಲಿಲ್ಲ. ದಾಟಿದ್ದು ಅಗ್ಗದ ಸಿನಿಮಾ. ಅಲ್ಲಿ ಹೆಣ್ಣು ತನ್ನ ಅವಮಾನಕ್ಕೆ ತಾನೇ ಲೆಕ್ಕ ಚುಕ್ತಾ ಮಾಡ್ತಾಳೆ. ನನ್ನ ಪ್ರಕಾರ ಇದೇ ಅದರ ಆಕರ್ಷಣೆಯ ತಿರುಳು.

ಕುಕ್ಕರಿನ ಸೀಟಿ

ಮೆಕ್ಸಿಕೊದಲ್ಲಿ 1960ರ ದಶಕದಲ್ಲಿ ಕುಸ್ತಿ ಹುಡುಗಿಯರ ಅಗ್ಗದ ಸಿನಿಮಾಗಳ ಒಂದು ಸರಣಿಯೇ ಬಂತು. ‘ಲುಚಡೋರಾಸ್’ ಅಂದರೆ ಕುಸ್ತಿಯ ಹೆಂಗಸರು. ರೆನೆ ಕಾರ್ಡೋನಾ ನಿರ್ದೇಶನದ ಈ ಚಿತ್ರಗಳಲ್ಲಿ ಅವರು ಒಮ್ಮೆ ಹುಚ್ಚು ಡಾಕ್ಟರನ ಜತೆ, ಇನ್ನೊಮ್ಮೆ ಮಮ್ಮಿಯ ಜತೆ ಸೆಣಸುತ್ತಾರೆ. ಸೋಜಿಗ ಏನಂದರೆ ಅದೇ ಹೊತ್ತಿಗೆ ರಾಜಧಾನಿ ಮೆಕ್ಸಿಕೊ ನಗರದ ಅಖಾಡಗಳಲ್ಲಿ ಹೆಂಗಸರ ಕುಸ್ತಿಗೆ ನಿಷೇಧ ಇತ್ತು. ಅದು ತೆರವಾಗಿದ್ದು 1986ರಲ್ಲಿ. ನೆಲದ ಮೇಲೆ ಬೇಡ ಅಂದದ್ದನ್ನು ತೆರೆಯ ಮೇಲೆ ಟಿಕೆಟ್ ಇಟ್ಟು ಮಾರಿದರು.

ನಮ್ಮಲ್ಲಿ ಲಿಖಿತ ನಿಷೇಧ ಬೇಕಾಗಿಯೇ ಇಲ್ಲ, ‘ನಾಲ್ಕು ಜನ ಏನಂತಾರೆ’ ಸಾಕು. ಈ ಅಂಕಿ ನೋಡಿ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ, ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಆ ಸುತ್ತಿನಲ್ಲಿ ದೇಶದಲ್ಲೇ ಅತಿ ಹೆಚ್ಚು ನಮ್ಮದೇ. ನೂರು ಹೆಂಗಸರು ಸಿನಿಮಾ ನೋಡ್ತಿದ್ದರೆ ಸುಮಾರು 44 ಜನಕ್ಕೆ ಏಟು ಅನ್ನೋದು ಕತೆಯಲ್ಲ, ಸ್ವಂತ ಅನುಭವ. ತೆರೆಯ ಮೇಲಿನ ಹೆಣ್ಣು ತಿರುಗಿ ಕೊಟ್ಟ ಒಂದು ಏಟು ಅವರಿಗೆ ಏನು ಅನ್ನೋದನ್ನು ವಿಮರ್ಶಕನ ತಕ್ಕಡಿಯಲ್ಲಿ ತೂಗೋಕಾಗಲ್ಲ.

ಆದರೆ ಕುಕ್ಕರಿನ ಸೀಟಿ ಹೊಡೆದಾಗ ಆಗೋದೇನು? ಒತ್ತಡ ಇಳಿಯುತ್ತೆ, ಒಲೆ ಉರಿಯುತ್ತಲೇ ಇರುತ್ತೆ. ಎರಡೂವರೆ ಗಂಟೆಯ ಸಮಾಧಾನ ಮುಗಿದ ಮೇಲೆ ಮನೆ ಅದೇ, ಗಂಡ ಅವನೇ.

ಕ್ಯಾಮೆರಾ ಯಾರ ಪರ?

ಈ ಸಿನಿಮಾಗಳನ್ನು ಗಂಡಸರೂ ನೋಡುತ್ತಾರೆ, ಅವರೇ ಹೆಚ್ಚು ನೋಡುತ್ತಾರೆ. ಹೆಣ್ಣು ಗೆಲ್ಲಲಿ ಅಂತ ಎಲ್ಲರೂ ಹೋಗಿರುತ್ತಾರೆ ಅಂದುಕೊಂಡರೆ ನಾವು ಪೆದ್ದರು. ಸೇಡಿನ ಕತೆಗೆ ಮೊದಲು ಅನ್ಯಾಯ ಬೇಕು, ಆ ಅನ್ಯಾಯ ಬಹುತೇಕ ಅತ್ಯಾಚಾರವೇ ಆಗಿರುತ್ತೆ. ಕ್ಯಾಮೆರಾ ಅದನ್ನು ಚಪ್ಪರಿಸಿ ತೋರಿಸುತ್ತೆ. ಆಮೇಲಿನ ಸೇಡು ಆ ಚಪಲಕ್ಕೆ ಸಿಕ್ಕ ಸರ್ಟಿಫಿಕೇಟು.

ಕ್ರೀಡೆಯ ಕತೆಯಾದರೂ ಇದು ತಪ್ಪಲ್ಲ. 2022ರಲ್ಲಿ ರಾಮ್ ಗೋಪಾಲ್ ವರ್ಮಾ ‘ಲಡ್ಕಿ’ ತೆಗೆದರು. ಬ್ರೂಸ್ ಲೀಯ ಅಭಿಮಾನಿ ಹುಡುಗಿಯ ಕತೆ, ನಾಯಕಿ ಪೂಜಾ ಭಾಲೇಕರ್ ನಿಜಕ್ಕೂ ಟೇಕ್ವಾಂಡೊ ಕಲಿತವರು. ಆದರೂ ಕ್ಯಾಮೆರಾ ಆಕೆಯ ಒದೆತಕ್ಕಿಂತ ಮೈಮೇಲೇ ಹೆಚ್ಚು ಓಡಾಡುತ್ತೆ. 2016ರಲ್ಲಿ ಸುಧಾ ಕೊಂಗರ ‘ಇರುದಿ ಸುಟ್ರು’ ತೆಗೆದಾಗ ಅಲ್ಲೂ ರಿತಿಕಾ ಸಿಂಗ್ ಎಂಬ ನಿಜವಾದ ಫೈಟರ್ ಇದ್ದರು. ಅಲ್ಲಿ ಕಣ್ಣಿಗೆ ಕಟ್ಟೋದು ಹೆಜ್ಜೆ, ಉಸಿರು, ಸಿಟ್ಟು. ಇಬ್ಬರೂ ತರಬೇತಿ ಪಡೆದವರೇ, ವ್ಯತ್ಯಾಸ ಇರೋದು ಲೆನ್ಸಿನ ಹಿಂದೆ.

ದೊಡ್ಡ ಬಜೆಟ್ಟಿನವರು ಸಾಚಾ ಅಂತಲೂ ಅಲ್ಲ. ‘ಸುಲ್ತಾನ್’ನಲ್ಲಿ ಕುಸ್ತಿಪಟು ನಾಯಕಿ ಬಸುರಿಯಾಗಿ ಒಲಿಂಪಿಕ್ಸ್ ಬಿಡುತ್ತಾಳೆ, ಕತೆ ಗಂಡನ ಕಡೆ ಹೊರಳುತ್ತೆ. ‘ದಂಗಲ್’ನಲ್ಲಿ ಪದಕ ಮಗಳದ್ದು, ಸಿನಿಮಾ ಅಪ್ಪನದ್ದು. ಅಗ್ಗದ ಸಿನಿಮಾದಲ್ಲಿ ಕಡೇ ಪಕ್ಷ ಕೊನೆಯ ಏಟು ಅವಳದ್ದೇ ಇರುತ್ತೆ.

ಅಖಾಡ ಬೇರೆ, ತೆರೆ ಬೇರೆ

ನಿಜದ ಹೆಣ್ಣನ್ನೂ ನಾವು ಸಿನಿಮಾದ ಪೋಸ್ಟರಿನ ಹಾಗೇ ನೋಡಿದವರು. 1954ರಲ್ಲಿ ಕುಸ್ತಿಪಟು ಹಮೀದಾ ಬಾನು ‘ನನ್ನನ್ನು ಸೋಲಿಸಿದವನನ್ನು ಮದುವೆ ಆಗ್ತೀನಿ’ ಅಂತ ಸವಾಲು ಹಾಕಿ, ವಡೋದರದಲ್ಲಿ ಬಾಬಾ ಪೈಲ್ವಾನನನ್ನು 1 ನಿಮಿಷ 34 ಸೆಕೆಂಡಿನಲ್ಲಿ ಮಣ್ಣು ಮುಕ್ಕಿಸಿದರು. ಆಕೆಯ ಪಟ್ಟು ನೋಡೋಕೆ ಎಷ್ಟು ಜನ ಬಂದರೋ, ಮದುವೆಯ ಷರತ್ತಿನ ಮಜಾ ನೋಡೋಕೆ ಎಷ್ಟು ಜನವೋ. ಅರ್ಜುನನಿಗೆ ಸವಾಲೆಸೆದ ಸ್ತ್ರೀರಾಜ್ಯದ ಪ್ರಮೀಳೆಯ ಕತೆಯೂ ಕೊನೆಗೆ ಮದುವೆಯಲ್ಲೇ ಮುಗಿಯುತ್ತಲ್ಲ, ಹಾಗೆ.

ಹೆಂಗಸರ ಕುಸ್ತಿ ಒಲಿಂಪಿಕ್ಸಿಗೆ ಬಂದದ್ದು 2004ರಲ್ಲಿ, ಬಾಕ್ಸಿಂಗ್ 2012ರಲ್ಲಿ. ಅಲ್ಲಿ ರೌಡಿಗಳು ಇಲ್ಲ. ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ಅರ್ಧ ನಿಮಿಷ ವಿರಾಮ, ಪಾಯಿಂಟಿನ ಲೆಕ್ಕ, ತೂಕದ ಯಂತ್ರ. ಪ್ಯಾರಿಸ್‌ನಲ್ಲಿ 2024ರ ಆಗಸ್ಟಿನಲ್ಲಿ, ಅದುವರೆಗೂ ಅಂತರರಾಷ್ಟ್ರೀಯ ಕಣದಲ್ಲಿ ಸೋಲೇ ಕಾಣದ ಜಪಾನಿನ ಸುಸಾಕಿಯನ್ನು ಮಣಿಸಿದ ವಿನೇಶ್ ಫೋಗಟ್, ಮರುದಿನ ಬರೀ 100 ಗ್ರಾಂ ಹೆಚ್ಚಾಗಿ ಫೈನಲ್ ಕಳೆದುಕೊಂಡರು.

ಅದಕ್ಕೂ ಮುಂಚೆ, 2023ರಲ್ಲಿ ವಿನೇಶ್, ಸಾಕ್ಷಿ ಮಲಿಕ್ ಮತ್ತಿತರರು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತಿದ್ದರು. ಕುಸ್ತಿ ಫೆಡರೇಷನ್ನಿನ ಅಂದಿನ ಅಧ್ಯಕ್ಷರ ವಿರುದ್ಧ ಲೈಂಗಿಕ ಕಿರುಕುಳದ ಆರೋಪ. ಅವರು ಅದನ್ನು ಅಲ್ಲಗಳೆದರು. ಮೇ 28ರಂದು ಪೊಲೀಸರು ಕುಸ್ತಿಪಟುಗಳನ್ನು ರಸ್ತೆಯಲ್ಲಿ ಎಳೆದು ವ್ಯಾನಿಗೆ ಹತ್ತಿಸಿದ್ದನ್ನು ದೇಶವೇ ನೋಡಿತು. ಡಿಸೆಂಬರಿನಲ್ಲಿ ಸಾಕ್ಷಿ ತಮ್ಮ ಕುಸ್ತಿಯ ಶೂಗಳನ್ನು ಮೇಜಿನ ಮೇಲಿಟ್ಟು ಆಟಕ್ಕೆ ವಿದಾಯ ಹೇಳಿದರು. ಜಗತ್ತಿನ ಯಾರನ್ನು ಬೇಕಾದರೂ ಎತ್ತಿ ಒಗೆಯಬಲ್ಲ ಹೆಂಗಸರು ಅವರು. ಆದರೆ ಅವರ ಎದುರಾಳಿ ಕಿಂಡಿಯಿಂದ ತಲೆ ತೂರಿಸಿ ಒಬ್ಬನೇ ಬರಲಿಲ್ಲ. ಕಮಿಟಿ, ಚುನಾವಣೆ, ಠಾಣೆ, ತಾರೀಕು ಅಂತ ಎಲ್ಲ ಕಡೆಯಿಂದ ಒಟ್ಟಿಗೆ ಬಂತು.

ಚಪ್ಪಾಳೆಯ ಆಚೆಗೆ

ಹಾಗಂತ ಈ ಸಿನಿಮಾಗಳನ್ನು ನೋಡಬೇಡಿ ಅಂತ ಹೇಳೋಕೆ ನಾನು ಯಾರು? ನೋಡಿ, ಶಿಳ್ಳೆ ಹಾಕಿ. ಅವು ನಮ್ಮ ಬಗ್ಗೆ ಒಂದು ಸತ್ಯ ಹೇಳುತ್ತಿವೆ: ಹೆಣ್ಣಿನ ಬಲ ನಮಗೆ ಹಿಡಿಸುತ್ತೆ, ಅದು ಟಿಕೆಟ್ಟಿನ ಆಚೆ ಬದಿಗೆ ಇರುವವರೆಗೆ.

ಚಿತ್ರದುರ್ಗದ ಜಿಲ್ಲಾ ಕ್ರೀಡಾಂಗಣಕ್ಕೆ ಓಬವ್ವನ ಹೆಸರಿದೆ. ನವೆಂಬರ್ 11ರಂದು ಓಬವ್ವ ಜಯಂತಿಯನ್ನು 2021ರಿಂದ ಸರ್ಕಾರವೇ ಆಚರಿಸುತ್ತಿದೆ. ಆದರೆ ಹೊಸದುರ್ಗದ ಅಥವಾ ಹೊಳಲ್ಕೆರೆಯ ಹಳ್ಳಿಯೊಂದರ ಹೈಸ್ಕೂಲ್ ಹುಡುಗಿ ಕುಸ್ತಿಯೋ ಬಾಕ್ಸಿಂಗೋ ಕಲೀತೀನಿ ಅಂದರೆ ಆಕೆಯ ಮೊದಲ ಎದುರಾಳಿ ಸಂಜೆಯ ಕೊನೆಯ ಬಸ್ಸು. 2023ರ ಜೂನಿನಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಖಾಸಗಿ ಬಸ್ಸಷ್ಟೇ ಓಡುವ ರೂಟಿನಲ್ಲಿ ಆ ಯೋಜನೆಗೆ ಅರ್ಥವಿಲ್ಲ. ಎರಡನೇ ಎದುರಾಳಿ, ಬಟ್ಟೆ ಬದಲಿಸೋಕೆ ಬಾಗಿಲಿರುವ ಒಂದು ಕೋಣೆ. ಮೂರನೆಯದು, ನಂಬಿ ಕಳಿಸಬಹುದಾದ ಕೋಚ್, ಸಾಧ್ಯವಾದರೆ ಹೆಂಗಸು. ಇವಿಷ್ಟೂ ಸಿನಿಮಾ ಬಜೆಟ್ಟಿನ ಮುಂದೆ ಚಿಲ್ಲರೆ ಖರ್ಚು.

ಓಬವ್ವ ಗೆದ್ದದ್ದು ತೋಳಿನ ಬಲದಿಂದ ಮಾತ್ರ ಅಲ್ಲ, ನಿಂತ ಜಾಗ ಅವಳಿಗೆ ಅನುಕೂಲವಾಗಿತ್ತು. ತೋಳು ನಮ್ಮ ಹುಡುಗಿಯರಿಗೆ ಈಗಲೂ ಇದೆ. ಜಾಗ ಮಾಡಿಕೊಡೋದು ಚಪ್ಪಾಳೆ ತಟ್ಟುವ ನಮ್ಮ ಪಾಲಿನ ಕೆಲಸ.