ತೋಟದ ಮನೆಗೆ ಅತಿಥಿ: ಮೊದಲು ಕಾಫಿಯ ಲೆಕ್ಕ ನೋಡಿ

“ಮಕ್ಕಳಿಬ್ಬರೂ ಬೆಂಗಳೂರು ಸೇರಿದರು. ಮೇಲಿನ ಎರಡು ಕೋಣೆಗೆ ಬೀಗ ಹಾಕಿದೆ. ಹೋಂಸ್ಟೇ ಮಾಡಿದರೆ ಹೇಗೆ ಸಾರ್?” ಕೊಡಗಿನ ತೋಟಗಳಿಗೆ ಹೋದಾಗ ಎಲೆಚುಕ್ಕೆ, ಕಾಯಿಕೊರಕಗಳ ವಿಷಯ ಮುಗಿಯುತ್ತಲೇ ಬರುವ ಪ್ರಶ್ನೆ ಇದು. ಇದು ಕೃಷಿಯ ಪ್ರಶ್ನೆಯಲ್ಲ ಎಂದು ನಾನು ಮೊದಲು ಜಾರಿಕೊಳ್ಳುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಮನೆಗೆ ಅತಿಥಿ ಬಂದರೆ ನೀರು, ಆಳು, ಕಣ ಎಲ್ಲವೂ ತೋಟದ್ದೇ ಖರ್ಚಾಗುತ್ತದೆ.

1999ರಿಂದ ಎರಡು ಮೂರು ವರ್ಷ ಕಾಫಿ ಬೆಲೆ ನೆಲ ಕಚ್ಚಿದಾಗ ನಮ್ಮ ಬೆಳೆಗಾರರಲ್ಲಿ ಹಲವರು ಈ ದಾರಿ ಹಿಡಿದರು. ಅದು ತಪ್ಪಲ್ಲ. ಯುರೋಪಿನ ಆಸ್ಟ್ರಿಯ, ಸ್ಲೊವೇನಿಯದಂಥ ಪುಟ್ಟ ದೇಶಗಳ ಗುಡ್ಡಗಾಡು ರೈತರೂ ಹಸು, ಹುಲ್ಲುಗಾವಲಿನ ಜೊತೆಗೆ ಕೋಣೆ ಬಾಡಿಗೆಯನ್ನೂ ನಂಬಿದ್ದಾರೆ. ಇಟಲಿಯವರು 1985ರಲ್ಲಿ ಇದಕ್ಕೊಂದು ಕಾನೂನನ್ನೇ ಮಾಡಿ, ಅತಿಥಿ ಸತ್ಕಾರ ಎಷ್ಟೇ ಇರಲಿ ಬೇಸಾಯವೇ ಮುಖ್ಯ ಕಸುಬಾಗಿರಬೇಕು ಎಂದು ವಿಧಿಸಿದರು. ಈ ಷರತ್ತು ನನಗೆ ಬಹಳ ಹಿಡಿಸಿತು.

ನಮ್ಮಲ್ಲಿರುವ ತೊಡಕು ಕಾಲದ್ದು. ಪಟ್ಟಣದವರಿಗೆ ಕೊಡಗು ಬೇಕಾಗುವುದು ಡಿಸೆಂಬರಿನ ಚಳಿಯಲ್ಲಿ. ಅರೇಬಿಕ ಕೊಯ್ಲು ನವೆಂಬರಿನಿಂದ ಜನವರಿವರೆಗೆ. ಅದು ಮುಗಿಯುವ ಮೊದಲೇ ರೊಬಸ್ಟ ಹಣ್ಣಾಗುತ್ತದೆ, ಅದರ ಹಿಂದೆಯೇ ಕರಿಮೆಣಸು. ಸಿದ್ದಾಪುರದ ಕಡೆಯ ನನ್ನ ಪರಿಚಯದ ಬೆಳೆಗಾರರೊಬ್ಬರು ಮೊದಲ ವರ್ಷ ಕ್ರಿಸ್ಮಸ್ ವಾರಕ್ಕೆ ನಾಲ್ಕೂ ಕೋಣೆ ಕೊಟ್ಟರು. ಕೊಯ್ಲಿನ ಇಬ್ಬರು ಹೆಂಗಸರು ಅಡುಗೆಮನೆಗೆ ಬಂದರು, ಮೇಸ್ತ್ರಿ ಅತಿಥಿಗಳಿಗೆ ತೋಟ ತೋರಿಸಲು ಹೋದ. ಸಂಜೆ ಕಣದ ತುಂಬ ಕಾರುಗಳು. ಆ ದಿನದ ಹಣ್ಣನ್ನು ಹರವಲು ಜಾಗವಿಲ್ಲದೆ ಮೂಲೆಯಲ್ಲಿ ರಾಶಿ ಹಾಕಿದರು. ಎರಡನೆಯ ಬೆಳಿಗ್ಗೆ ರಾಶಿಯೊಳಗೆ ಕೈ ಹಾಕಿದರೆ ಬಿಸಿ! ಬೂಷ್ಟು ಹಿಡಿದ ಚೆರಿಗೆ ಬಂದ ಬೆಲೆಯನ್ನೂ ಕೋಣೆಯ ಬಾಡಿಗೆಯನ್ನೂ ಅಕ್ಕಪಕ್ಕ ಬರೆದು ನನಗೆ ತೋರಿಸಿದರು. ನಾನೇನೂ ಹೇಳಬೇಕಾಗಲಿಲ್ಲ.

ಕೊಯ್ಲು ತಡವಾದರೆ ನಷ್ಟ ಆ ವರ್ಷಕ್ಕೇ ಮುಗಿಯುವುದಿಲ್ಲ. ನೆಲಕ್ಕುದುರಿದ, ಗಿಡದಲ್ಲೇ ಉಳಿದ ಹಣ್ಣಿನಲ್ಲಿ ಕಾಯಿಕೊರಕ ಕುಳಿತು ಮುಂದಿನ ಫಸಲಿಗೆ ಕಾಯುತ್ತದೆ. ಆದ್ದರಿಂದ ಕೊಯ್ಲಿನ ವಾರಗಳಲ್ಲಿ ಅರ್ಧ ಕೋಣೆಗಳನ್ನು ಮಾತ್ರ ಕೊಡಿ, ಅಡುಗೆಗೆ ಬೇರೆಯೇ ಆಳು ಇಡಿ. ಆಳು ಸಿಗದಿದ್ದರೆ ಆ ವಾರ ಬಾಗಿಲು ಹಾಕುವುದೇ ಲಾಭ.

ನೀರಿನ ಬಗ್ಗೆ ಹೆದರಿಕೆ ಹೆಚ್ಚು, ಆದರೆ ಹೆದರುವುದು ತಪ್ಪು ಕಡೆಗೆ. ಒಂದು ಎಕರೆ ರೊಬಸ್ಟಕ್ಕೆ ಸ್ಪ್ರಿಂಕ್ಲರಿನಲ್ಲಿ ಒಂದು ಅಂಗುಲ ಹೂನೀರು ಕೊಟ್ಟರೆ ಸುಮಾರು 1 ಲಕ್ಷ ಲೀಟರು ಬೇಕು. ಎಂಟು ಮಂದಿ ಅತಿಥಿಗಳು ತಲೆಗೆ 150 ಲೀಟರು ಬಳಸಿದರೂ ದಿನಕ್ಕೆ 1,200 ಲೀಟರು. ಒಂದು ಎಕರೆಯ ನೀರು ಅವರಿಗೆ ಎಂಬತ್ತು ದಿನ ಸಾಕು. ಕೆರೆ ಬತ್ತುವುದು ಅತಿಥಿಗಳಿಂದಲ್ಲ. ಬತ್ತುವುದು ಮನೆಯ ಬಾವಿ, ಅದೂ ಏಪ್ರಿಲ್‌ನಲ್ಲಿ, ಶಾಲೆಗಳಿಗೆ ರಜೆ ಬಂದು ಜನ ಹೆಚ್ಚಾದಾಗ. ಈ ಬೇಸಿಗೆಯಲ್ಲಿ ಬಾವಿಗೆ ಹಗ್ಗ ಇಳಿಸಿ, ವಾರಕ್ಕೊಮ್ಮೆ ನೀರಿನ ಮಟ್ಟ ಬರೆದಿಡಿ. ಎಷ್ಟು ಕೋಣೆ ಎಂಬುದನ್ನು ಆ ಪುಸ್ತಕ ಹೇಳುತ್ತದೆ. ಹೊಸ ಶೌಚಾಲಯದ ಇಂಗುಗುಂಡಿ ಬಾವಿಯಿಂದ ಅರವತ್ತು ಅಡಿಗಿಂತ ಹತ್ತಿರ ಬೇಡ, ಬಾವಿಯ ಮೇಲ್ಭಾಗದ ಇಳಿಜಾರಿನಲ್ಲಂತೂ ಬೇಡವೇ ಬೇಡ.

ಹೊಸ ಕೋಣೆ ಕಟ್ಟಲು ಗುಡ್ಡ ಕಡಿಯುವವರಿಗೆ ಒಂದು ಮಾತು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಿನ ಗುಡ್ಡಗಳು ತೋಟ, ಮನೆ ಸಮೇತ ಜಾರಿದ್ದನ್ನು ನಾವು ಕಂಡಿದ್ದೇವೆ. 2019ರಲ್ಲಿ ವಿರಾಜಪೇಟೆ ಕಡೆ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಕುಸಿತ. ಇರುವ ಕೋಣೆಯ ಹಂಚು ಸರಿಪಡಿಸಿ, ಅಷ್ಟು ಸಾಕು. ಮಳೆಗಾಲದಲ್ಲಿ ಅತಿಥಿಗಳನ್ನು ಕರೆಯುವುದಾದರೆ, ಹವಾಮಾನ ಇಲಾಖೆಯ ಎಚ್ಚರಿಕೆ ಬಂದ ದಿನ ಮುಂಗಡ ಪೂರ್ತಿ ಹಿಂದಿರುಗಿಸುವುದಾಗಿ ಮೊದಲೇ ಬರೆದು ಕೊಡಿ. 2018ರಲ್ಲಿ ಜಿಲ್ಲೆಗೆ ಪ್ರವಾಸಿಗರು ಬರುವುದನ್ನೇ ಕೆಲಕಾಲ ತಡೆದಿದ್ದರು.

ಹಾಗಾದರೆ ಒಳ್ಳೆಯ ಕಾಲ ಯಾವುದು? ನನ್ನ ಮಟ್ಟಿಗೆ ಅಕ್ಟೋಬರ್. ಮಳೆ ಇಳಿದು ಬಾವಿ ತುಂಬಿರುತ್ತದೆ, ಕಣ ಖಾಲಿ, ತೋಟ ಹಸಿರು. ಇನ್ನೊಂದು ಹೂವಿನ ವಾರ. ನೀರು ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಸ್ಪ್ರಿಂಕ್ಲರ್ ಹಾಕಿದ ದಿನವೇ ಅತಿಥಿಗಳಿಗೆ ತಾರೀಖು ತಿಳಿಸಬಹುದು. ಬೋರ್ಡೋ ದ್ರಾವಣ ಸಿಂಪಡಿಸುವ ದಿನ ಮಾತ್ರ ಯಾರನ್ನೂ ತೋಟಕ್ಕೆ ಬಿಡಬೇಡಿ. ಆನೆ ತಿರುಗುವ ಕಡೆ ಮುಂಜಾನೆ, ಮುಸ್ಸಂಜೆಯ ಅಡ್ಡಾಟ ಬೇಡ ಎಂದು ಖಂಡಿತವಾಗಿ ಹೇಳಿ. ಅವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಊಟಕ್ಕೆ ಪಟ್ಟಣದ ಅಡುಗೆ ಕಲಿಯಬೇಕಿಲ್ಲ. ಕಡಂಬುಟ್ಟು, ನೂಲ್‌ಪುಟ್ಟು, ಅಕ್ಕಿ ಒಟ್ಟಿ, ಮಳೆಗಾಲದಲ್ಲಿ ಕಣಿಲೆ ಪಲ್ಯ ಮಾಡಿದರೆ ಸಾಕು. ಹೊರಡುವಾಗ ನಿಮ್ಮ ಕರಿಮೆಣಸು, ಜೇನು, ಕಾಚಂಪುಳಿಯನ್ನು ತೂಕ ಮಾಡಿ ಮಾರಿ. ದಲ್ಲಾಳಿ ಇಲ್ಲದ ಮಾರಾಟ ಅದು.

ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿಯೇ ಬೋರ್ಡು ಹಾಕಿ. ಅತಿಥಿಗಳ ಗುರುತಿನ ಚೀಟಿ ನೋಡಿ ಹೆಸರನ್ನು ಪುಸ್ತಕದಲ್ಲಿ ಬರೆಯಿರಿ. ಹೊರದೇಶದವರಾದರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ.

ಸಿದ್ದಾಪುರದ ಆ ಬೆಳೆಗಾರರು ಹೋಂಸ್ಟೇ ಬಿಟ್ಟಿಲ್ಲ. ಡಿಸೆಂಬರಿನಲ್ಲಿ ಎರಡೇ ಕೋಣೆ ಕೊಡುತ್ತಾರೆ. ಕಣದ ಸುತ್ತ ಹಗ್ಗ ಕಟ್ಟಿದ್ದಾರೆ, ಕಾರುಗಳಿಗೆ ಹಳೆಯ ಕೊಟ್ಟಿಗೆಯ ಬದಿ ಜಾಗ ಮಾಡಿದ್ದಾರೆ.